ಮೂರು ಸಲ ಫೇಲಾದ ಲೆಕ್ಚರರ್

ನಮ್ಮ ಸೋದರಮಾವ ಭೌತಶಾಸ್ತ್ರದಲ್ಲಿ ಮೂರು ಸಲ ಫೇಲಾದವರು. ಓದುವ ಕಾಲದಲ್ಲಲ್ಲ; ಎಂ.ಎಸ್ಸಿ. ಮುಗಿಸಿ, ಹಾಸನದ ಕಾಲೇಜಿನಲ್ಲಿ ಅದೇ ಭೌತಶಾಸ್ತ್ರಕ್ಕೆ ಲೆಕ್ಚರರ್ ಆಗಿ, ಜರಿಪೇಟ ಸುತ್ತಲು ಶುರುಮಾಡಿದ ಮೇಲೆ. ನಂಬುವುದಿಲ್ಲವೇ? ಅವರ ಉತ್ತರಪತ್ರಿಕೆಗಳನ್ನು ಕಣ್ಣಾರೆ ಕಂಡವಳು ನಾನು!

ನಲವತ್ತರ ದಶಕದ ಮಾತು. ಹೊಳೆನರಸೀಪುರದಲ್ಲಿ ಹೈಸ್ಕೂಲು ಮುಗಿಸಿ, ಇಂಟರ್‌ಮೀಡಿಯೆಟ್ ಓದಲು ನಾನು ಮಾವನ ಮನೆ ಸೇರಿದ್ದೆ. ಕ್ಲಾಸಿಗೆಲ್ಲ ಹುಡುಗಿ ಅಂತ ನಾನೊಬ್ಬಳೇ. ಬಾಗಿಲ ಪಕ್ಕದ ಬೆಂಚು ಪೂರ್ತಿ ನನ್ನದು. ಪಾಠವೆಲ್ಲ ಇಂಗ್ಲಿಷಿನಲ್ಲಿ. ಅರಕಲಗೂಡು, ಚನ್ನರಾಯಪಟ್ಟಣದ ಕಡೆಯಿಂದ ಬಂದ ಹುಡುಗರಿಗೆ ಅದು ಕಿವಿಯ ಪಕ್ಕದಲ್ಲೇ ಹಾದುಹೋಗುತ್ತಿತ್ತು. ಆದರೂ ಮಾವ "ಅರ್ಥವಾಯಿತೇ?" ಎಂದ ಕೂಡಲೇ ಅಷ್ಟೂ ತಲೆಗಳು ಒಟ್ಟಿಗೆ ಆಡುತ್ತಿದ್ದವು. ನನ್ನದೂ ಆಡುತ್ತಿತ್ತು.

ಮಾವ ಈ ತಲೆಗಳನ್ನು ನಂಬಲಿಲ್ಲ. ಯಾರೂ ಪ್ರಶ್ನೆ ಕೇಳದಿದ್ದರೆ ತಾವೇ ಕೇಳಿಬಿಡುವುದೆಂದು ನಿರ್ಧರಿಸಿದರು. ಪಾಠದ ನಡುವೆ ಸರಸರನೆ ಕೊನೆಯ ಬೆಂಚಿಗೆ ಹೋಗಿ ಕೂತು, ಕೈಯೆತ್ತಿ, "ಸಾರ್, ನನಗೆ ತಿಳಿಯಲಿಲ್ಲ" ಎನ್ನುವರು. ಮತ್ತೆ ಹಲಗೆಯ ಹತ್ತಿರ ಓಡಿಬಂದು, ಕೊನೆಯ ಬೆಂಚಿನ ಕಡೆ ನೋಡುತ್ತ ಕನ್ನಡದಲ್ಲಿ ವಿವರಿಸುವರು. ಒಂದು ದಿನ ಪ್ರಿನ್ಸಿಪಾಲರು ಬಂದಾಗ ಮಾವ ಕೊನೆಯ ಬೆಂಚಿನಲ್ಲಿ ಕೈಯೆತ್ತಿ ಕೂತಿದ್ದರು. "ಸಾರ್, ಈ ಬೆಳಕಿನ ವಕ್ರೀಭವನ ನನಗೆ ತಿಳಿಯಲಿಲ್ಲ" ಎಂದರು. ಪ್ರಿನ್ಸಿಪಾಲರು ಚರಿತ್ರೆ ಓದಿದವರು. ತಮ್ಮನ್ನೇ ಕೇಳಿದರೆಂದು ಗಾಬರಿಯಾಗಿ "ನನಗೂ ಅಷ್ಟೆ" ಎಂದು ಹೊರಟುಹೋದರು.

ಆವತ್ತಿನಿಂದ ಕ್ಲಾಸಿನಲ್ಲಿ ಕೈಗಳು ಏಳತೊಡಗಿದವು. ಏಳದೆ ಉಳಿದದ್ದು ಹರದನಹಳ್ಳಿಯ ತಿಮ್ಮೇಗೌಡನ ಕೈ ಒಂದೇ. ಅವನ ಮನೆಯವರು ಒಕ್ಕಲುತನದವರು. ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಅವನೇ ಮೊದಲಿಗ. ಯಾರೊಂದಿಗೂ ಮಾತಿಲ್ಲ, ಕತೆಯಿಲ್ಲ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನೂರಕ್ಕೆ ಒಂಬತ್ತು ಬಂತು. ಮಾರನೆಯ ಬೆಳಿಗ್ಗೆ ಟ್ರಂಕು ಹೊತ್ತುಕೊಂಡು ನಮ್ಮ ಮನೆ ಬಾಗಿಲಿಗೆ ಬಂದ.

"ನಾ ಊರ್ಗೆ ಓಯ್ತೀನಿ ಸಾ. ಇದು ನಮ್ಮಂತೋರ ಜಾಗ ಅಲ್ಲ. ಎತ್ತು, ಕಪಿಲೆ ಅಂದ್ರೆ ಯೋಳ್ತೀನಿ. ಅದ್ನ ಇಲ್ಲಿ ಯಾರ್ ಕೇಳಾರು?"

"ನಾನು ಕೇಳ್ತೀನಿ" ಎಂದರು ಮಾವ. "ನೀನು ಪ್ರಶ್ನೆಪತ್ರಿಕೆ ಮಾಡು, ನಾನು ಬರೀತೀನಿ, ನೀನೇ ತಿದ್ದು. ನಾನು ಪಾಸಾದ ದಿನ ನೀನು ಧಾರಾಳವಾಗಿ ಊರಿಗೆ ಹೋಗು."

ಮೇಷ್ಟ್ರ ಮಾತು ಮೀರುವುದು ಹೇಗೆ? ತಿಮ್ಮೇಗೌಡ ಟ್ರಂಕು ಇಳಿಸಿದ. ಕಪಿಲೆ ಬಾವಿಯಿಂದ ನೀರು ಎಳೆಯುವ ಎತ್ತುಗಳಿಗೆ ಇಳಿಜಾರಿನ ದಾರಿಯನ್ನೇ ಯಾಕೆ ಮಾಡುತ್ತಾರೆ ಎಂಬುದು ಮೊದಲ ಪ್ರಶ್ನೆ. ಮಾವ ರಾಟೆಯ ಸೂತ್ರಗಳನ್ನು ನಾಲ್ಕು ಪುಟ ತುಂಬಿಸಿ ಎತ್ತುಗಳನ್ನೇ ಮರೆತರು. ಇಪ್ಪತ್ತೆಂಟು ಬಂತು. ತಿಮ್ಮೇಗೌಡ ಅವರನ್ನು ಊರಾಚೆಯ ಒಂದು ತೋಟದ ಬಾವಿಗೆ ಕರೆದೊಯ್ದು, ಎತ್ತಿನ ಮೈಭಾರವೇ ಅರ್ಧ ಕೆಲಸ ಮಾಡುವುದನ್ನು ತೋರಿಸಿದ. ಅದಕ್ಕೆ ಪುಸ್ತಕದಲ್ಲಿ ಏನೆನ್ನುತ್ತಾರೆಂದು ಮಾವ ಹೇಳಿದರು. ಮುಂದಿನ ಸಲ ಹಿಂದೆ ಹೊರೆ ಹೆಚ್ಚಾದ ಗಾಡಿಯ ನೊಗ ಯಾಕೆ ಮೇಲೇಳುತ್ತದೆ ಎಂಬ ಪ್ರಶ್ನೆ. ಮಾವ ಮತ್ತೆ ಫೇಲು! ಈ ಹೊಸ ಶಿಷ್ಯನಿಗೆ ಪಾಠ ಹೇಳುವ ಸಲುವಾಗಿ ಗುರು ತಿಮ್ಮೇಗೌಡ ಪುಸ್ತಕ ಓದಬೇಕಾಯಿತು. ತಿಮ್ಮೇಗೌಡ ಮುಂದಿನ ಬೆಂಚಿಗೆ ಬಂದ. ಹುಡುಗರು ಅವನನ್ನು 'ಸಾ' ಎಂದು ಕರೆಯತೊಡಗಿದರು.

ಮೂರನೆಯ ಪತ್ರಿಕೆ ರಾಗಿ ತೂರುವುದರ ಮೇಲೆ: ಹೊಟ್ಟು ಮಾತ್ರ ಯಾಕೆ ದೂರ ಹಾರುತ್ತದೆ? ಮಾವ ಬರೆದ ಉತ್ತರ: "ಹೊಟ್ಟಿಗೆ ರಾಗಿಯ ಮೇಲೆ ಅಭಿಮಾನ ಸಾಲದು."

ನನಗೆ ಅನುಮಾನ ಬಂತು. ಹಿಂದಿನ ದಿನವಷ್ಟೇ ಅತ್ತೆ ಮೊರದಲ್ಲಿ ಅಕ್ಕಿ ಕೇರುತ್ತಿದ್ದಾಗ, ಹೊಟ್ಟು ಹಾರುವ ಕಾರಣವನ್ನು ಇದೇ ಮಾವ ಅರ್ಧ ಗಂಟೆ ಬಿಡಿಸಿ ಹೇಳಿ, ಅತ್ತೆಯ ಕೈಲಿ ಬೈಸಿಕೊಂಡಿದ್ದರು. ಉತ್ತರ ಗೊತ್ತಿದ್ದೂ ಯಾಕೆ ಹೀಗೆ ಬರೆದಿರಿ ಎಂದು ಕೇಳಿದೆ.

ಮಾವ ದನಿ ತಗ್ಗಿಸಿದರು. "ಪಾಸಾದ್ರೆ ಆ ಹುಡುಗ ಊರಿಗೆ ಹೊರಟುಬಿಡ್ತಾನಲ್ಲೇ."

ಮಾರ್ಚಿ ಬಂತು. ಪಬ್ಲಿಕ್ ಪರೀಕ್ಷೆಯ ಭೌತಶಾಸ್ತ್ರದ ದಿನ ಮಾವ ಕಾಂಪೌಂಡಿನಾಚೆ ಬಿಸಿಲಲ್ಲಿ ನಿಂತೇ ಇದ್ದರು. ತಿಮ್ಮೇಗೌಡ ಹೊರಗೆ ಬಂದವನೇ ಚೆನ್ನಾಗಿ ಬರೆದೆನೆಂದು ಹೇಳಿ, ಜೇಬಿನಿಂದ ಆ ಮೂರನೆಯ ಉತ್ತರಪತ್ರಿಕೆ ತೆಗೆದು ಕೊಟ್ಟ. ಹಳೆಯ ಅಂಕ ಹೊಡೆದುಹಾಕಿ ಮೂವತ್ತೈದು ಎಂದು ತಿದ್ದಿದ್ದ.

"ಪಾಸ್ ಮಾಡಿವ್ನಿ ಸಾ. ನೀವು ಬೇಕಂತ್ಲೇ ತಪ್ಪು ಬರ್ದಿದ್ದು ನಂಗೆ ಅವತ್ತೇ ಗೊತ್ತಾಗಿತ್ತು. ನಂಗೂ ಓಗಕ್ಕೆ ಮನಸಿರ್ನಿಲ್ಲ."

ಮಾತಿನ ಮಲ್ಲರಾದ ನಮ್ಮ ಮಾವ ತಲೆಯ ಪೇಟ ತೆಗೆದು, ಅದರ ಸೆರಗಿನಿಂದ ಅವನ ಹಣೆಯ ಬೆವರು ಒರೆಸಿದರು.