ವಿಶ್ರಾಂತಿಯ ವೇಳಾಪಟ್ಟಿ

ನವೆಂಬರ್ ತಿಂಗಳ ಎರಡನೇ ಶುಕ್ರವಾರ. ಸಮಯ ಬೆಳಿಗ್ಗೆ ಒಂಬತ್ತೂವರೆ. ಸ್ಥಳ, ಬಹ್ರೇನಿನ ಮಾಹೂಝಿನಲ್ಲಿರುವ ನಮ್ಮ ಮೂರನೇ ಮಹಡಿಯ ಫ್ಲ್ಯಾಟಿನ ಹಜಾರ. ಹಾಜರಿದ್ದವರು: ನಾನು, ನನ್ನ ಹೆಂಡತಿ ವಸಂತಿ, ಸಲ್ಮಾಬಾದಿನಲ್ಲಿ ಗ್ಯಾರೇಜು ನಡೆಸುವ ಗೆಳೆಯ ವಿಠಲ ಮತ್ತು ಅವನ ಹೆಂಡತಿ ಮೋಹಿನಿ. ಹಾಜರಿಲ್ಲದೇ ಇದ್ದದ್ದು ಒಂದೇ: ವೀಸಾ ಫಾರಂನ ಕೊನೆಯ ಪುಟದಲ್ಲಿ ಇರಬೇಕಾಗಿದ್ದ ವಸಂತಿಯ ಸಹಿ.

ನಾಲ್ಕು ಜನ ಚಹಾ ಕುಡಿಯಲು ಕೂತದ್ದನ್ನು ಯಾರಾದರೂ ಹೀಗೆ ಬರೆದಿಡುತ್ತಾರೆಯೇ ಎಂದು ನೀವು ಕೇಳಬಹುದು. ನಾನು ಬರೆದಿಡುತ್ತೇನೆ. ಇದರಲ್ಲಿ ನನ್ನ ತಪ್ಪು ಕಡಿಮೆ. ಐದನೇ ತರಗತಿಯಿಂದ ಹತ್ತನೇ ತನಕ ನಾನು ಬೆಳೆದ ಹಾಸ್ಟೆಲಿನ ವಾರ್ಡನರ ತಪ್ಪೇ ಹೆಚ್ಚು. ಅಲ್ಲಿ ಏಳುವುದಕ್ಕೊಂದು ಬೆಲ್ಲು, ಹಲ್ಲುಜ್ಜುವುದಕ್ಕೊಂದು ಬೆಲ್ಲು, ತಟ್ಟೆ ತೊಳೆಯುವುದಕ್ಕೊಂದು ಬೆಲ್ಲು. ಭಾನುವಾರ ಸಂಜೆ ನಾಲ್ಕರಿಂದ ಐದರವರೆಗೆ 'ಸ್ವತಂತ್ರವಾಗಿ ಆಡುವುದು' ಎಂದು ಬೋರ್ಡಿನ ಮೇಲೆ ಬರೆದಿತ್ತು. ನಾಲ್ಕಕ್ಕೆ ಬೆಲ್ಲು ಹೊಡೆದ ಕೂಡಲೇ ನಾವು ಸ್ವತಂತ್ರರಾಗುತ್ತಿದ್ದೆವು, ಐದಕ್ಕೆ ಹೊಡೆದಾಗ ನಿಲ್ಲಿಸುತ್ತಿದ್ದೆವು. ಮುಂದೆ, ಮದುವೆಯಾಗಿ ಮೂರು ವರ್ಷಕ್ಕೆ, ನಾನು ಬಂದು ಬಿದ್ದದ್ದು ಸಲ್ಮಾಬಾದಿನ ಒಂದು ಕೋಲ್ಡ್ ಸ್ಟೋರೇಜಿಗೆ. ಮೀನು, ಕೋಳಿ, ಬಟಾಣಿಗಳ ನಡುವೆ ಮೂವತ್ತೊಂದು ವರ್ಷ ದುಡಿದೆ. ಎರಡು ಗಂಟೆಗೊಮ್ಮೆ ಪ್ರತಿ ಕೋಣೆಯ ಉಷ್ಣಾಂಶ ಬರೆದೆ, ಬರೆಸಿದೆ. ಎರಡು ವರ್ಷದಿಂದ ನನ್ನನ್ನು ಸಲಹೆಗಾರನೆಂದು ಆಫೀಸಿನಲ್ಲಿ ಕೂರಿಸಿದ್ದಾರೆ. ವಾರಕ್ಕೆ ಮೂರು ದಿನ ಸಲಹೆ ಕೊಡಲು ತಯಾರಾಗಿ ಕೂರುತ್ತೇನೆ, ಯಾರೂ ಕೇಳುವುದಿಲ್ಲ. ಹಾಗಾಗಿ ಉಳಿದ ಹುರುಪನ್ನೆಲ್ಲ ಮನೆಯ ಫ್ರಿಜ್ಜಿನ ಮೇಲೆ ತೋರಿಸುತ್ತೇನೆ. ಅದರ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದೇನೆ. ಬೆಳಿಗ್ಗೆ ಮತ್ತು ಸಂಜೆ ಏಳಕ್ಕೆ ಅದರಲ್ಲಿ ಉಷ್ಣಾಂಶ ಬರೆಯುತ್ತೇನೆ. "ಒಳಗೆ ಇರುವುದು ಎರಡು ಬದನೆ, ಅರ್ಧ ಲಿಂಬೆ. ಅದಕ್ಕೆ ದಿನಾ ಜ್ವರ ನೋಡ್ತೀರಲ್ಲ, ನನಗೆ ಜ್ವರ ಬಂದಾಗ ಒಮ್ಮೆಯಾದ್ರೂ ನೋಡಿದ್ರಾ?" ಎಂದು ವಸಂತಿ ಕೇಳುವುದುಂಟು. ನೋಡಿದ್ದೇನೆ. ಆ ಹಾಳೆಯೂ ಫೈಲಿನಲ್ಲಿದೆ.

ಈಗ ವಿಷಯಕ್ಕೆ ಬರುತ್ತೇನೆ. ಕಳೆದ ಆಗಸ್ಟಿನಲ್ಲಿ, ಬಾಲ್ಕನಿಯಲ್ಲಿ ಹರವಿದ ಬಟ್ಟೆ ಹತ್ತು ನಿಮಿಷಕ್ಕೆ ಹಪ್ಪಳವಾಗುವ ಬಿಸಿಲಿನಲ್ಲಿ, ವಸಂತಿ ಬೆವರು ಒರೆಸಿಕೊಳ್ಳುತ್ತ, "ಒಮ್ಮೆ ಹಿಮ ಬೀಳುವುದನ್ನು ಕಿಟಕಿಯ ಈಚೆ ಕೂತು ನೋಡ್ಬೇಕು ಅಂತ ಉಂಟು ನನಗೆ" ಎಂದಳು. ಅಷ್ಟೇ. ಬೇರೆ ಗಂಡನಾಗಿದ್ದರೆ 'ಹೂಂ' ಎಂದು ಪೇಪರು ಓದುತ್ತಿದ್ದ. ನಾನು ಸಮಿತಿ ರಚಿಸಿದೆ. ವಿಠಲ ದಂಪತಿಯನ್ನು ಸೇರಿಸಿಕೊಂಡೆ. ಎರಡು ತಿಂಗಳು ಹುಡುಕಿ ಆಲ್ಪ್ಸ್ ಪರ್ವತದ ಬುಡದ ಒಂದು ಪುಟ್ಟ ಆಸ್ಟ್ರಿಯನ್ ಊರನ್ನು ಗೊತ್ತುಮಾಡಿದೆ. ನಮ್ಮ ನಾಲ್ವರಲ್ಲಿ ಯಾರಿಗೂ ಸ್ಕೀ ಬರುವುದಿಲ್ಲ. ವಿಠಲನಿಗೆ ಮೊಣಕಾಲು ನೋವು, ಮೋಹಿನಿಯದು ತತ್ತ್ವ: "ಬೀಳ್ಲಿಕ್ಕೆ ಅಷ್ಟು ದೂರ ಯಾಕೆ ಹೋಗ್ಬೇಕು ಶ್ರೀಧರಣ್ಣ? ನಮ್ಮ ಬಾತ್‌ರೂಮಿನಲ್ಲೇ ಬೀಳ್ಬಹುದಲ್ಲ." ಸ್ಕೀ ಮಾಡದವರನ್ನು ಆ ಊರಿನ ಒಳಗೆ ಬಿಡುತ್ತಾರೋ ಇಲ್ಲವೋ ಎಂಬ ಅನುಮಾನ ವಿಠಲನಿಗೆ ಕೊನೆಯವರೆಗೂ ಇತ್ತು. "ಯಕ್ಷಗಾನದ ಟೆಂಟಿನ ಬಾಗಿಲಲ್ಲಿ ಟಿಕೇಟು ಕೇಳಿದ ಹಾಗೆ, ನಿಮ್ಮ ಸ್ಕೀ ಎಲ್ಲಿ ಅಂತ ಕೇಳಿದ್ರೆ ಎಂತ ಹೇಳುವುದು ಮಾರಾಯ್ರೆ?" ಎಂದು ವಾರಕ್ಕೊಮ್ಮೆ ಫೋನು ಮಾಡುತ್ತಿದ್ದ.

ಆದರೆ ತೊಂದರೆ ಬಂದದ್ದು ಬೇರೆ ಕಡೆಯಿಂದ. ಸ್ಕೀ ಮಾಡದವರಿಗೆ ಅಲ್ಲಿ ಬೇಕಾದಷ್ಟು ಇತ್ತು. ತಂತಿಯಲ್ಲಿ ತೂಗುವ ಗಾಜಿನ ಪೆಟ್ಟಿಗೆಯಲ್ಲಿ ಕೂತು ಶಿಖರಕ್ಕೆ ಹೋಗುವುದು, ಕುದುರೆ ಎಳೆಯುವ ಜಾರುಗಾಡಿ, ಹೆಪ್ಪುಗಟ್ಟಿದ ಕೆರೆಗೆ ಸುತ್ತು ಬರುವುದು, ಹಿಮದ ನಡುವೆ ಹಬೆಯಾಡುವ ಬಿಸಿನೀರಿನ ಕೊಳ, ಮರದ ಮನೆಯಂಥ ಕಾಫಿ ಅಂಗಡಿಗಳು. ಇಷ್ಟೆಲ್ಲ ಇರುವಾಗ ಯಾವುದಾದರೂ ತಪ್ಪಿಹೋದರೆ? ಆರು ದಿನಗಳ ವೇಳಾಪಟ್ಟಿ ತಯಾರಿಸಿದೆ. ಬೆಳಿಗ್ಗೆ ಆರೂಕಾಲಕ್ಕೆ ಏಳುವುದು. ಏಳೂವರೆಗೆ ತಿಂಡಿ. ಎರಡನೇ ದಿನ ಮಧ್ಯಾಹ್ನ ಮೂರರಿಂದ ಮೂರೂ ನಲವತ್ತರವರೆಗೆ ಬಿಸಿನೀರಿನ ಕೊಳದಲ್ಲಿ ಆರಾಮವಾಗಿರುವುದು. ಪ್ರತಿದಿನ ಹತ್ತೂ ನಲವತ್ತರಿಂದ ಹನ್ನೊಂದೂ ಹತ್ತರವರೆಗೆ, 'ಕಿಟಕಿಯ ಈಚೆ ಕೂತು ಹಿಮ ನೋಡುವುದು, ವಸಂತಿಯ ಕೋರಿಕೆಯಂತೆ'. ನಾಲ್ಕು ಪ್ರತಿ ಮಾಡಿ, ಒದ್ದೆಯಾಗಬಾರದೆಂದು ಲ್ಯಾಮಿನೇಶನ್ ಮಾಡಿಸಿದೆ. ಆ ಶುಕ್ರವಾರ ನಾನು ಹಂಚಿದ್ದು ಅದನ್ನೇ. ಇಲ್ಲಿ ರಜೆ ಶುಕ್ರವಾರ, ಶನಿವಾರ; ಭಾನುವಾರ ಬೆಳಿಗ್ಗೆ ವೀಸಾ ಕಚೇರಿಯಲ್ಲಿ ನಮ್ಮ ಸರದಿ. ಮೂರು ಫಾರಂ ತಯಾರಾಗಿದ್ದವು. ವಸಂತಿ ನಾಲ್ಕನೆಯದಕ್ಕೆ ಸಹಿ ಹಾಕಲು ಪೆನ್ನು ತೆಗೆದುಕೊಂಡಿದ್ದಳು. ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದಳು. ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟಳು.

"ನಾನು ಬರುವುದಿಲ್ಲ. ನೀವು ಮೂರು ಜನ ಹೋಗಿ ಬನ್ನಿ."

"ಯಾಕೆ?"

"ಸಲಾಲಾದ ಚಹಾ ನೆನಪುಂಟಾ?" ಎಂದಳು.

ನೆನಪಿತ್ತು. ನಾಲ್ಕು ವರ್ಷದ ಹಿಂದೆ ಮಳೆಗಾಲ ನೋಡಲು ಒಮಾನಿನ ಸಲಾಲಾಕ್ಕೆ ಹೋಗಿದ್ದೆವು. ಎರಡು ದಿನಗಳಲ್ಲಿ ಏಳು ಬುಗ್ಗೆ, ಮೂರು ಗುಡ್ಡ, ಒಂದು ಒಂಟೆ ಹಿಂಡು. ಎಲ್ಲವನ್ನೂ ಸಮಯಕ್ಕೆ ಸರಿಯಾಗಿ ನೋಡಿದೆವು. ಗುಡ್ಡದ ಅಂಚಿನ ಒಂದು ಗೂಡಂಗಡಿಯಲ್ಲಿ ವಸಂತಿ ಚಹಾ ಹೇಳಿದಳು. ಚಹಾ ಬಂದಾಗ ಸಮಯ ಮುಗಿದಿತ್ತು. ಅವಳು ಒಂದು ಗುಟುಕು ಕುಡಿದು, ತುಂಬಿದ ಲೋಟವನ್ನು ಬೆಂಚಿನ ಮೇಲಿಟ್ಟು ಕಾರು ಹತ್ತಿದಳು. ಆ ಮಾತನ್ನು ನಾಲ್ಕು ವರ್ಷ ಇಟ್ಟುಕೊಂಡು ಈಗ ಹೇಳಿದಳು. ನಮ್ಮ ಸ್ಟೋರಿನಲ್ಲೂ ಯಾವ ಮಾಲೂ ಅಷ್ಟು ದಿನ ಕೆಡದೆ ಉಳಿದದ್ದಿಲ್ಲ.

ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೂ ನಾನು ನೋಟ್‌ಬುಕ್ಕಿನಲ್ಲಿ 'ಆಕ್ಷೇಪಣೆ: ಶ್ರೀಮತಿ ವಸಂತಿ. ಕಾರಣ: ಚಳಿಯ ಭಯ' ಎಂದು ಬರೆದೆ. ಬಹ್ರೇನಿನಲ್ಲಿ ಹದಿನೆಂಟು ಡಿಗ್ರಿಗೇ ಸ್ವೆಟರು ಹಾಕುವ ಹೆಂಗಸು, ಆ ಊರಿನಲ್ಲಿ ಮೈನಸ್ ಎಂಟು ಎಂದು ಕೇಳಿ ಹೆದರಿದ್ದಾಳೆ, ಬಾಯಿಬಿಟ್ಟು ಹೇಳಲು ನಾಚಿಕೆ, ಚಹಾ ಬರೇ ನೆಪ ಎಂದು ನನ್ನ ತೀರ್ಮಾನ. ಕೂಡಲೇ ಪರಿಹಾರವೂ ಹೊಳೆಯಿತು. "ಅಭ್ಯಾಸ ಮಾಡುವ. ಇವತ್ತೇ. ನಮ್ಮ ಸ್ಟೋರಿನಲ್ಲಿ ಮೈನಸ್ ಹದಿನೆಂಟರ ಕೋಣೆಯಲ್ಲಿ ಹದಿನೈದು ನಿಮಿಷ ಕೂತ್ರೆ ಆಲ್ಪ್ಸ್ ನಿಮಗೆ ಇಲ್ಲಿಯ ಮುಹರ್ರಕ್ ಪೇಟೆಯ ಹಾಗೆ ಬೆಚ್ಚಗೆ ಕಾಣ್ತದೆ" ಎಂದೆ. ವಿಠಲ ನಕ್ಕು ಸೋಫಾದ ಮೇಲೆ ವಾಲಿದ. ಮೋಹಿನಿ, "ಯಾರಾದ್ರೂ ಕೇಳಿದ್ರೆ ಶುಕ್ರವಾರ ಎಲ್ಲಿಗೆ ಹೋಗಿದ್ರಿ ಅಂತ, ಫ್ರೀಜರಿನ ಒಳಗೆ ಅಂತ ಹೇಳುವುದಾ ಅಣ್ಣ?" ಎಂದಳು. ವಸಂತಿ, "ಬರ್ತೇನೆ. ಆದ್ರೆ ಚಹಾದ ಫ್ಲಾಸ್ಕು ನನ್ನ ಕೈಯಲ್ಲಿ ಇರ್ತದೆ" ಎಂದಳು. ನಾನು ಒಪ್ಪಿದೆ. ಚಳಿಗೆ ಚಹಾ ಒಳ್ಳೆಯದೇ.

ಮಾಲೀಕರಿಗೆ ಫೋನು ಮಾಡಿ ಅನುಮತಿ ಕೇಳಿದೆ. ಅವರು ಎರಡು ಸಲ "ಯಾಕೆ?" ಎಂದು ಕೇಳಿ, ನಾನು ಎರಡು ಸಲ ವಿವರಿಸಿದ ಮೇಲೆ ಅನುಮತಿ ಕೊಟ್ಟರು. ಹನ್ನೊಂದೂವರೆಗೆ ಸಲ್ಮಾಬಾದಿನಲ್ಲಿದ್ದೆವು. ನನ್ನ ಜಾಗದಲ್ಲಿ ಈಗಿರುವವನು ಉಪ್ಪಿನಂಗಡಿ ಕಡೆಯ ನೌಷಾದ್. ಹದಿನಾರು ವರ್ಷ ನನ್ನ ಕೈಕೆಳಗೆ ಪಳಗಿದವನು. ಅದೃಷ್ಟಕ್ಕೆ ಒಂದು ಕೋಣೆಯನ್ನು ಖಾಲಿ ಮಾಡಿ, ತೊಳೆದು, ಮರುದಿನ ಬರುವ ಮಾಲಿಗಾಗಿ ತಣಿಸಿಟ್ಟಿದ್ದರು. ಕೆಲಸಗಾರರ ನೀಲಿ ಫ್ರೀಜರ್ ಸೂಟುಗಳನ್ನು ನೌಷಾದ್ ನಾಲ್ವರಿಗೂ ತೊಡಿಸಿದ. ಬೆನ್ನ ಮೇಲೆ ಕಂಪನಿಯ ಹೆಸರು, ತೋಳಿಗೆ ಹೊಳೆಯುವ ಪಟ್ಟಿ. ಇವನ್ನೇ ಆಸ್ಟ್ರಿಯಾಕ್ಕೂ ಒಯ್ಯಬಹುದು ಎಂಬ ನನ್ನ ಸಲಹೆಗೆ ಮೋಹಿನಿ ಕೈ ಮುಗಿದಳು: "ಬೇಡ ಅಣ್ಣ. ಫೋಟೋದಲ್ಲಿ ಆಲ್ಪ್ಸಿಗೆ ಕೋಳಿ ಇಳಿಸ್ಲಿಕ್ಕೆ ಹೋದವರ ಹಾಗೆ ಕಾಣ್ತೇವೆ." ಮೊಬೈಲುಗಳನ್ನು ಹೊರಗೇ ಇಡಿಸಿದೆ, ತೇವ ಹಿಡಿಯುತ್ತದೆಂದು. ಅದು ನನ್ನದೇ ನಿಯಮ. ಒಳಗೆ ಹೋದ ಸಮಯವನ್ನು ಬಾಗಿಲ ಪಕ್ಕದ ರಿಜಿಸ್ಟರಿನಲ್ಲಿ ನೌಷಾದ್ ಬರೆದುಕೊಂಡ. ಅದೂ ನನ್ನದೇ ನಿಯಮ.

ಒಳಗೆ ಹೋದ ಮೊದಲ ನಿಮಿಷ ನಾಲ್ವರೂ ಬಾಯಿಂದ ಹೊಗೆ ಬಿಡುವುದರಲ್ಲಿ ಕಳೆದೆವು. ನಾನು ಕೂಡಲೇ ಕೈಗವಸು ಕಳಚಿ, ಯಾರಿಗೆ ಹೇಗಾಗುತ್ತಿದೆ ಎಂದು ದಾಖಲಿಸಲು ನೋಟ್‌ಬುಕ್ ತೆಗೆದೆ. 'ಒಂದನೇ ನಿಮಿಷ: ಎಲ್ಲರೂ ಕ್ಷೇಮ' ಎಂದು ಬರೆದೆ. ಎರಡನೇ ಸಾಲಿಗೆ ಅಕ್ಷರ ಮೂಡಲಿಲ್ಲ. ಗೀಚಿದೆ, ಕೊಡವಿದೆ, ಪೆನ್ನಿನ ಮೂತಿಗೆ ಊದಿದೆ, ಅಂಗೈಗಳ ನಡುವೆ ತಿಕ್ಕಿದೆ. ಶಾಯಿ ಗಟ್ಟಿಯಾಗಿತ್ತು. ಇಷ್ಟರಲ್ಲಿ ನನ್ನ ಕಣ್ಣು ಬಾಗಿಲಿನ ಒಳಬದಿಗೆ ಹೋಯಿತು. ಅಲ್ಲಿ ಮೂರು ಭಾಷೆಗಳಲ್ಲಿ, ನನ್ನದೇ ಅಕ್ಷರದಲ್ಲಿ, ಹದಿನೈದು ವರ್ಷದ ಹಿಂದೆ ನಾನೇ ಬರೆದು ಅಂಟಿಸಿದ ಸೂಚನೆ ಇತ್ತು: 'ಒಳಗೆ ಪೆನ್ನು ಬರೆಯುವುದಿಲ್ಲ. ಪೆನ್ಸಿಲ್ ಮಾತ್ರ ತನ್ನಿ.' ಇದಕ್ಕಾಗಿ ನಾನು ಎಷ್ಟು ಜನರನ್ನು ಗದರಿಸಿದ್ದೆನೋ. ಆಫೀಸಿನ ಕುರ್ಚಿಯಲ್ಲಿ ಎರಡು ವರ್ಷ ಕೂತದ್ದರಲ್ಲಿ ನಾನೇ ಮರೆತಿದ್ದೆ.

"ಇನ್ನು ಎಂತ ಮಾಡ್ತೀರಿ?" ಎಂದು ವಸಂತಿ ಕೇಳಿದಳು. ಅವಳು ಮೂಲೆಯಲ್ಲಿ ಮಾಲು ಜೋಡಿಸುವ ಪ್ಲಾಸ್ಟಿಕ್ ಪ್ಯಾಲೆಟ್ಟಿನ ಮೇಲೆ ಕಾಲು ನೀಡಿ ಕೂತಿದ್ದಳು. ಮಡಿಲಲ್ಲಿ ಫ್ಲಾಸ್ಕು. ಅವಳಿಗೆ ಚಳಿಯಾದ ಲಕ್ಷಣವೇ ಇರಲಿಲ್ಲ. ಅಷ್ಟರಲ್ಲಿ ಮೇಲೆ ಕೂಲಿಂಗ್ ಫ್ಯಾನು ಗುರ್ ಎಂದು ತಿರುಗತೊಡಗಿತು. ಅದರ ಹಿಂದಿನ ತಣ್ಣನೆಯ ಕೊಳವೆಗಳ ಕಾಯಿಲ್ಲಿಗೆ ಅಂಟಿದ್ದ ಮಂಜು ಪುಡಿಪುಡಿಯಾಗಿ ಉದುರಿತು. ದೀಪದ ಬೆಳಕಿನಲ್ಲಿ ಸುಳಿದು, ತಿರುಗಿ, ಮೆಲ್ಲಗೆ ಕೆಳಗಿಳಿಯಿತು. ಮೋಹಿನಿಯ ನೀಲಿ ಟೊಪ್ಪಿಯ ಮೇಲೆ, ವಿಠಲನ ಮೀಸೆಯ ಮೇಲೆ ಬಿತ್ತು.

"ಅಯ್ಯೋ, ಹಿಮ ಬೀಳ್ತಾ ಉಂಟು!" ಎಂದು ಮೋಹಿನಿ ಎರಡೂ ಕೈ ಚಾಚಿದಳು.

"ಹಿಮ ಅಲ್ಲ, ಕಾಯಿಲ್ಲಿನಲ್ಲಿ ಮಂಜು ಕಟ್ಟಿದೆ. ಇದನ್ನು ಕರಗಿಸದೆ ಹೇಗೆ ಬಿಟ್ಟ ಈ ನೌಷಾದ್? ಈಗಲೇ ಹೇಳ್ತೇನೆ" ಎಂದು ನಾನು ಬಾಗಿಲ ಕಡೆಗೆ ಹೊರಟೆ.

"ನೀವು ಕೂತ್ಕೊಳ್ಳಿ," ಎಂದಳು ವಸಂತಿ. ಜೋರಾಗಿ ಹೇಳಲಿಲ್ಲ. ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು. ಬರೆಯಲು ಪೆನ್ನಿಲ್ಲ, ನೋಡಲು ಮೊಬೈಲಿಲ್ಲ. ವಾಚು ದಪ್ಪ ತೋಳಿನ ಮೂರು ಪದರದ ಅಡಿಯಲ್ಲಿತ್ತು. ಕೂತೆ. ಅವಳು ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿಕೊಂಡಳು. ಹಬೆ ಅವಳ ಮುಖವನ್ನೇ ಮುಚ್ಚಿತು. ಮೂವತ್ತೊಂದು ವರ್ಷ ಅದೇ ಮಂಜು ನನ್ನ ತಲೆಯ ಮೇಲೆ ಉದುರಿದೆ. ಪ್ರತಿ ಸಲ ನಾನು ಅದನ್ನು 'ದುರಸ್ತಿ ಬಾಕಿ' ಎಂಬ ಅಂಕಣದಲ್ಲಿ ಬರೆದಿದ್ದೇನೆ. ಸುಮ್ಮನೆ ನೋಡಿದ್ದು ಅದೇ ಮೊದಲು. ಚೆನ್ನಾಗಿತ್ತು. ಇದಕ್ಕಿಂತ ಹೆಚ್ಚು ಬರೆಯಲು ನನ್ನ ಬಳಿ ಟಿಪ್ಪಣಿಗಳಿಲ್ಲ. ವಸಂತಿ ಒಂದೊಂದೇ ಗುಟುಕು ಕುಡಿದಳು, ಯಾವ ಅವಸರವೂ ಇಲ್ಲದೆ. ಕೊನೆಗೆ ಮುಚ್ಚಳವನ್ನು ತಲೆಕೆಳಗು ಮಾಡಿ ತೋರಿಸಿದಳು. ಒಂದು ಹನಿಯೂ ಬೀಳಲಿಲ್ಲ. ಅವಳಿಗೆ ಚಳಿಯ ಭಯ ಯಾವತ್ತೂ ಇರಲಿಲ್ಲ ಎಂಬುದು ನನಗೆ ಅರ್ಥವಾದದ್ದು ಆ ಖಾಲಿ ಮುಚ್ಚಳ ನೋಡಿದಾಗ.

ಬಾಗಿಲು ತೆರೆಯಿತು. ನೌಷಾದ್ ರಿಜಿಸ್ಟರು ಹಿಡಿದು ನಿಂತಿದ್ದ. ಮುಖದಲ್ಲಿ ಗಾಬರಿಯೂ ಇತ್ತು, ಹದಿನಾರು ವರ್ಷ ಕಾದ ಸಂತೋಷವೂ ಇತ್ತು. "ಸಾರ್, ಇಪ್ಪತ್ತೆರಡು ನಿಮಿಷ ಆಯ್ತು. ಹದಿನೈದು ಅಂತ ನಿಮ್ಮದೇ ರೂಲ್ಸ್. ಲೇಟಾದ್ರೆ ಕಾರಣ ಬರೀಬೇಕು ಅಂತ್ಲೂ ನಿಮ್ಮದೇ ರೂಲ್ಸ್. ಎಂತ ಬರೀಲಿ?"

ನಾನು ಬಾಯಿ ತೆರೆಯುವ ಮೊದಲೇ ವಸಂತಿ ಹೇಳಿದಳು: "ಚಹಾ ಮುಗಿದಿರ್ಲಿಲ್ಲ ಅಂತ ಬರಿ."

ಅವನು ಹಾಗೆಯೇ ಬರೆದ, ಪೆನ್ಸಿಲಿನಲ್ಲಿ. ನಾನು ಅದರ ಕೆಳಗೆ ಸಹಿ ಹಾಕಿದೆ.

ವಿಠಲ ದಂಪತಿಯನ್ನು ಬೀಳ್ಕೊಟ್ಟು ಮನೆಗೆ ಬಂದವರೇ ಊಟ ಮಾಡಿ ಮಲಗಿದೆವು. ನಾನೂ ಮಲಗಿದೆ, ನಲವತ್ತು ನಿಮಿಷದ ನಿದ್ದೆ ಎರಡು ಗಂಟೆಯಾಯಿತು, ಯಾರೂ ಎಬ್ಬಿಸಲಿಲ್ಲ. ಸಂಜೆ ಎದ್ದು ಹಳೆಯ ಪಟ್ಟಿಗಳನ್ನು ಹರಿಯಲು ಹೋದರೆ ಲ್ಯಾಮಿನೇಶನ್ ಹರಿಯಲಿಲ್ಲ. ವಸಂತಿ ಅವುಗಳಲ್ಲಿ ಒಂದನ್ನು ಬಿಸಿ ಪಾತ್ರೆಯ ಅಡಿಗೆ ಇಟ್ಟುಕೊಂಡಳು. ಬಿಸಿನೀರಿನ ಕೊಳದ ಸಾಲಿನ ಮೇಲೆ ಈಗ ಸಾಂಬಾರಿನ ಪಾತ್ರೆ ಆರಾಮವಾಗಿದೆ. ನಾನು ಹೊಸ ಪಟ್ಟಿ ಬರೆದು ಅವಳ ಮುಂದಿಟ್ಟೆ. ಅದರಲ್ಲಿ ಒಂದೇ ಸಾಲಿತ್ತು: 'ಒಂದರಿಂದ ಆರನೇ ದಿನದವರೆಗೆ: ಚಹಾ ಮುಗಿಯುವ ತನಕ ಕೂರುವುದು.'

ವಸಂತಿ ಓದಿದಳು. ಮೂವತ್ತಾರು ವರ್ಷ ನನ್ನ ಜೊತೆ ಸಂಸಾರ ಮಾಡಿದವಳು. ಹಾಳೆಯನ್ನು ಮಗುಚಿ ಹಿಂಬದಿಯನ್ನೂ ನೋಡಿದಳು. ಅಲ್ಲಿ ಸಣ್ಣ ಅಕ್ಷರಗಳಲ್ಲಿ ಜಾರುಗಾಡಿ ಹೊರಡುವ ಸಮಯಗಳನ್ನು ಬರೆದಿದ್ದೆ. "ಇದು ಎಂತ?" ಎಂದಳು. "ತುರ್ತು ಸಂದರ್ಭಕ್ಕೆ," ಎಂದೆ. ಅವಳು ತಲೆ ಅಲ್ಲಾಡಿಸಿ ನಕ್ಕಳು, ಪೆನ್ನಿನ ಮುಚ್ಚಳ ತೆಗೆದಳು, ಫಾರಂನ ಕೊನೆಯ ಪುಟಕ್ಕೆ ಸಹಿ ಹಾಕಿದಳು. ನಾನು ನಾಲ್ಕೂ ಫಾರಂಗಳನ್ನು ಫೈಲಿಗೆ ಸೇರಿಸಿ, ಫೈಲನ್ನು ಚೀಲಕ್ಕೆ ಹಾಕಿ, ಚೀಲವನ್ನು ಬಾಗಿಲ ಬಳಿ ಇಟ್ಟೆ. ಆಗ ಏಳು ಗಂಟೆ ಐದು ನಿಮಿಷ. ಫ್ರಿಜ್ಜಿನ ಹಾಳೆ ತುಂಬಿಸಲು ಐದು ನಿಮಿಷ ತಡವಾಗಿತ್ತು. ಇವತ್ತೊಂದು ದಿನ ಬರೆಯದಿದ್ದರೆ ಏನಾಗುತ್ತದೆ, ಬದನೆಕಾಯಿ ದೂರು ಕೊಡುತ್ತದೆಯೇ ಎಂದುಕೊಂಡು ವಸಂತಿಯ ಪಕ್ಕದಲ್ಲಿ ಕೂತೆ. ಏನೂ ಆಗಲಿಲ್ಲ. ಏನೂ ಆಗುತ್ತಿಲ್ಲ ಎಂಬುದನ್ನು ಒಂಬತ್ತು ನಿಮಿಷ ಗಮನಿಸಿದೆ. ಏಳೂ ಹದಿನಾಲ್ಕಕ್ಕೆ ಎದ್ದು ಹೋಗಿ, ಪೆನ್ಸಿಲಿನಲ್ಲಿ, ನಾಲ್ಕು ಡಿಗ್ರಿ ಎಂದು ಬರೆದು ಬಂದೆ.