ನನಗೊಪ್ಪುವ ಬಣ್ಣದ ಶೋಧ

ಆ ವರ್ಷದ ಯುಗಾದಿಯೊಳಗೆ ನನ್ನ ಹೆಂಡತಿಯ ಬಾಯಿಂದ ‘ಚಂದ ಕಾಣತೀರಿ’ ಎಂಬ ಎರಡು ಶಬ್ದಗಳನ್ನು ಹೊರಡಿಸಿಯೇ ತೀರುತ್ತೇನೆಂದು ನಾನು ಶಪಥ ಮಾಡಿದೆ! ನಮ್ಮ ಗಜೇಂದ್ರಗಡದ ಗುಡ್ಡದ ಮೇಲಿನ ಕೋಟೆಯನ್ನೂ ಯಾರೋ ಒಂದು ಕಾಲಕ್ಕೆ ಗೆದ್ದಿರಬೇಕು. ನನ್ನ ಮನೆಯ ಕೋಟೆ ಮಾತ್ರ ಮದುವೆಯಾಗಿ ಹದಿನೆಂಟು ವರ್ಷವಾದರೂ ಬಿದ್ದಿರಲಿಲ್ಲ.

ನನ್ನ ಹೆಸರು ಫಕ್ಕೀರಪ್ಪ. ಹೈಸ್ಕೂಲಿನಲ್ಲಿ ಗುಮಾಸ್ತ. ಬಣ್ಣ ಕಪ್ಪು; ಅದರಲ್ಲಿ ಸಂಶಯಕ್ಕೆ ಆಸ್ಪದವೇ ಇಲ್ಲ. ನಮ್ಮಪ್ಪ ಸೀರೆ ನೇಯುವವನು. ಅವನ ಮಗ್ಗಕ್ಕೆ ನಾನು ಒಗ್ಗಲಿಲ್ಲ, ನನ್ನ ಹೆಂಡತಿ ಮಧುಮತಿ ಒಗ್ಗಿದಳು. ಅತ್ತೆ ಮನೆಗೆ ಬಂದ ವರ್ಷವೇ ಮಗ್ಗದ ಕುಣಿಗೆ ಇಳಿದವಳು, ನಮ್ಮಪ್ಪನಿಂದ ‘ಕೈ ಚಲೋ ಐತಿ’ ಅನ್ನಿಸಿಕೊಂಡಳು. ಒಂದು ಸೀರೆ ಮುಗಿದರೆ ಸಾಕು, ಅದನ್ನು ಬಾಗಿಲ ಬೆಳಕಿಗೆ ಹಿಡಿದು, ಸೆರಗನ್ನು ಕೆನ್ನೆಗೆ ತಾಗಿಸಿ, “ಎಂಥಾ ಚಂದ ಕುಂತೈತಿ ನೋಡ್ರಿ ಈ ಬಣ್ಣ!” ಎನ್ನುವಳು.

ಲೋಕದಲ್ಲಿ ಗಂಡಸರಿಗೆ ಗಂಡಸರ ಮೇಲೆ ಹೊಟ್ಟೆಕಿಚ್ಚು. ನನಗೆ ಸೀರೆಗಳ ಮೇಲೆ! ಒಮ್ಮೆಯಂತೂ ಹೊಟ್ಟೆ ಒಳಗೆಳೆದುಕೊಂಡು, ಎದೆ ಸೆಟೆಸಿ, ಅದೇ ಬಾಗಿಲ ಬೆಳಕಿನಲ್ಲಿ ನಾನೂ ನಿಂತೆ. ಅವಳು ತಲೆಯೆತ್ತಿ ನೋಡಿದಳು. ನಾನು ಇನ್ನಷ್ಟು ಸೆಟೆದೆ.

“ಬೆಳಕಿಗೆ ಅಡ್ಡ ಯಾಕ ನಿಂತೀರಿ? ಸರೀರಿ ಆ ಕಡಿ!”

ಊರಿನ ಬಣ್ಣಗಳನ್ನೆಲ್ಲ ಬಣ್ಣಿಸುವವಳು ನನ್ನನ್ನು ಮಾತ್ರ ಬಣ್ಣಿಸಲಿಲ್ಲ.

ಎರಡು ಸಾವಿರದ ಐದನೆಯ ಇಸವಿ. ಕ್ಷೌರದಂಗಡಿಯಲ್ಲಿ ನನ್ನ ಪಾಳಿ ಕಾಯುತ್ತ ಒಂದು ವಾರಪತ್ರಿಕೆ ತಿರುವುತ್ತಿದ್ದೆ. ಅಲ್ಲಿತ್ತು ನನ್ನ ಭಾಗ್ಯದ ಬಾಗಿಲು! ‘ನಿಮ್ಮ ಮೈಬಣ್ಣಕ್ಕೆ ಒಪ್ಪುವ ಉಡುಪು ಯಾವುದು?’ ಮುಂಗೈಯ ನರ ನೋಡಿಕೊಳ್ಳಬೇಕಂತೆ. ನರ ಹಸಿರು ಕಂಡರೆ ಹಳದಿ, ಕೇಸರಿ ಬಣ್ಣಗಳು ಒಪ್ಪುತ್ತವೆ. ನೀಲಿ ಕಂಡರೆ ನೀಲಿ, ಗುಲಾಬಿ. ಒಪ್ಪುವ ಬಣ್ಣ ತೊಟ್ಟವನ ಮುಖದಲ್ಲಿ ಕಳೆ ತಾನೇ ಉಕ್ಕುತ್ತದಂತೆ! ಅಂದರೆ ಹದಿನೆಂಟು ವರ್ಷದ ತಪ್ಪು ನನ್ನ ಮುಖದ್ದಲ್ಲ, ನನ್ನ ಬೂದಿ ಬಣ್ಣದ ಅಂಗಿಗಳದ್ದು!

ಮನೆಯ ಅಂಗಳದ ಬಿಸಿಲಿನಲ್ಲಿ ಮುಂಗೈ ಹಿಡಿದು ನೋಡಿದೆ. ತಿರುಗಿಸಿ ನೋಡಿದೆ. ಕನ್ನಡಕ ಹಾಕಿ ನೋಡಿದೆ. ನರ ಎಂಬ ವಸ್ತುವೇ ಇಲ್ಲ! ನರವೇ ಕಾಣದ ನರಮನುಷ್ಯ ನಾನು!

ಸೋಲೊಪ್ಪುವ ಗಂಡೇ ನಾನು? ಮರುದಿನ ಶಾಲೆಗೆ ರಜೆ ಹಾಕಿ ಬಸ್‌ಸ್ಟ್ಯಾಂಡಿನ ಹತ್ತಿರದ ದವಾಖಾನೆಗೆ ನಡೆದೆ. ಅಲ್ಲಿ ಕಂಪೌಂಡರ್ ಜಂಗ್ಲಿಸಾಬ ನನಗೆ ಹಳೆಯ ಪರಿಚಯ.

“ಜಂಗ್ಲಿಸಾಬ, ನನ್ನ ನರ ಒಂದೀಟ ಹುಡುಕಿ ಕೊಡಪಾ.”

“ನರಕ್ಕ ಏನ ಆಗೈತ್ರಿ?”

“ಏನೂ ಆಗಿಲ್ಲ. ಹಸರ ಅದಾವೋ ನೀಲಿ ಅದಾವೋ ಗೊತ್ತಾಗಬೇಕು.”

ಜಂಗ್ಲಿಸಾಬ ನನ್ನನ್ನು ಮೇಲಿಂದ ಕೆಳಗೆ ಮರುಕದಿಂದ ನೋಡಿದ. ತೋಳಿಗೆ ರಬ್ಬರು ನಳಿಕೆ ಬಿಗಿದ. “ಮುಷ್ಟಿ ಬಿಗೀರಿ” ಎಂದ. ಕೈಯನ್ನು ಪಟಪಟ ಬಡಿದ, ಒತ್ತಿದ, ತಿಕ್ಕಿದ. ಬೆಂಚಿನ ಮೇಲೆ ಕುಳಿತ ಹತ್ತು ಮಂದಿ ಕೆಮ್ಮುವುದನ್ನೂ ಮರೆತು ನೋಡತೊಡಗಿದರು.

“ಸಿಗವಲ್ದು ಬಿಡ್ರಿ, ಗುಮಾಸ್ತರ.”

“ಹಂಗ ಅನಬ್ಯಾಡಪಾ! ನನ್ನ ಸಂಸಾರದ ಪ್ರಶ್ನಿ ಐತಿ!”

ಬೆಂಚಿನಿಂದ ‘ಅಯ್ಯ ಪಾಪ’ ಎಂಬ ಉದ್ಗಾರ ಕೇಳಿಸಿತು. ಕೊನೆಗೆ ಬ್ಯಾಟರಿ ಬೆಳಕು ಬಿಟ್ಟು, ಒಂದು ಕಣ್ಣು ಮುಚ್ಚಿ, ಜಂಗ್ಲಿಸಾಬ ತೀರ್ಪು ಕೊಟ್ಟ. “ಹಸರ ಕಂಡಂಗ ಆಗತೈತ್ರಿ.”

ಹಸಿರು! ನಾನು ರಬ್ಬರು ನಳಿಕೆ ಬಿಚ್ಚಿ ಅವನ ಕೈಗಿಟ್ಟು, ಸಿಕ್ಕ ಬಸ್ಸು ಹತ್ತಿ ರೋಣಕ್ಕೆ ಹೋದೆ. ಅಲ್ಲಿ ಅಲ್ತಾಫನ ಬಟ್ಟೆಯಂಗಡಿ.

“ಅಲ್ತಾಫ, ಹಸರ ನರದವರಿಗೆ ಒಂದ ಹಳದಿ ಅಂಗಿ ತೋರಸು.”

“ಹಸರ ನರದವರು ಯಾವ ಊರಿನವರ್ರಿ, ಸರ?”

ಅಜ್ಞಾನಿಗೆ ಎಲ್ಲಿಂದ ವಿವರಿಸುವುದು! ಅವನು ನಿಂಬೆಹಣ್ಣಿನ ಬಣ್ಣದ ಅಂಗಿಯೊಂದನ್ನು ಕೊಡವಿ ನನ್ನೆದೆಗೆ ಹಿಡಿದು, “ದೂರಿಂದನ ಕಾಣತೀರಿ ನೋಡ್ರಿ!” ಎಂದ. ಹೊಗಳಿಕೆಯೋ ಎಚ್ಚರಿಕೆಯೋ ತಿಳಿಯಲಿಲ್ಲ. ಕನ್ನಡಿಯಲ್ಲಿ ಕಂಡ ಮುಖ ತುಸು ವಿಚಿತ್ರವಾಗಿತ್ತು. ಆದರೆ ಪತ್ರಿಕೆಯಲ್ಲಿ ಅಚ್ಚಾದದ್ದು ಸುಳ್ಳಾಗುತ್ತದೆಯೇ? ಅದನ್ನೇ ತೊಟ್ಟು ಹೊರಬಿದ್ದೆ.

ತಿರುಗಿ ಬರುವ ಬಸ್ಸಿನಲ್ಲಿ ಕಿಟಕಿಗೆ ಒರಗಿ ಕುಳಿತೆ. ಹೊರಗೆ ಕಡಲೆ ಕಿತ್ತ ಹೊಲಗಳು. ನಗಬೇಡಿ, ಆ ಒಂದು ತಾಸು ನಾನು ಹದಿನೆಂಟು ವರ್ಷ ಚಿಕ್ಕವನಾಗಿದ್ದೆ. ಮಧುಮತಿ ಮಗ್ಗದ ಕುಣಿಯಿಂದ ಎದ್ದು ಬರುತ್ತಾಳೆ. ಸೆರಗಿಗೆ ಕೈ ಒರೆಸಿಕೊಳ್ಳುತ್ತಾಳೆ. ಸೀರೆಯನ್ನು ನೋಡುವಂತೆ ನನ್ನನ್ನು ನೋಡುತ್ತಾಳೆ. ಅಷ್ಟೇ ಸಾಕಿತ್ತು ನನಗೆ, ಆ ನೋಟ! ಆಮೇಲೆ ಅವಳು ಆ ಎರಡು ಶಬ್ದ ಆಡುತ್ತಾಳೆ. ನಾನು ನಾಚಿ, “ಏ, ಏನ ಚಂದ ಬಿಡ” ಎನ್ನುತ್ತೇನೆ. ಇದನ್ನು ಗಟ್ಟಿಯಾಗಿಯೇ ಅಂದುಬಿಟ್ಟೆನೇನೋ, ಪಕ್ಕದ ಮುದುಕ ಎದ್ದು ಬೇರೆ ಸೀಟಿಗೆ ಹೋದ.

ಮನೆ ಬಾಗಿಲಲ್ಲಿ ಚಪ್ಪಲಿಗಳ ಸಂತೆ! ಒಳಗಿನಿಂದ ಅಳು!

ದವಾಖಾನೆಯ ಬೆಂಚಿನ ಮೇಲಿದ್ದವರಲ್ಲಿ ಒಬ್ಬ ನನ್ನ ಅತ್ತೆ ಕರಿಯವ್ವನ ಊರಾದ ಸೂಡಿಯವನಂತೆ. ‘ನಿಮ್ಮ ಅಳಿಯನ ನರ ಬತ್ತ್ಯಾವ, ರಬ್ಬರ ಕಟ್ಟಿ ಹುಡಕಿದ್ರೂ ಸಿಕ್ಕಿಲ್ಲ’ ಎಂದು ಅವನು ಫೋನು ಮಾಡಿದ್ದೇ ತಡ, ಅತ್ತೆ ಒಂದು ಡಜನ್ ಬಾಳೆಹಣ್ಣು ಹಿಡಿದು ಬಸ್ಸು ಹತ್ತಿದ್ದರು. ಆ ಗದ್ದಲ ಕೇಳಿ ಓಣಿಯೇ ನಮ್ಮ ಮನೆಯಲ್ಲಿ ನೆರೆದಿತ್ತು.

ನಾನು ಹೊಸ್ತಿಲು ದಾಟಿದೆ, ನಿಂಬೆ ಬಣ್ಣದಲ್ಲಿ ಝಗಝಗಿಸುತ್ತ.

“ಅಯ್ಯ ನನ್ನ ಮಗಳ!” ಅತ್ತೆ ಎದೆ ಬಡಿದುಕೊಂಡರು. “ಅಳಿಯನ ಮಾರಿ ನೋಡ! ಹಳದಿ ಆಗೇತಿ! ಕಾಮಣಿ ಇದು!”

“ಅತ್ತಿ, ಅದು ಅಂಗಿ ಬಣ್ಣ!”

“ಅಂಗಿಗೂ ಹತ್ತೇತಿ!”

ನಾಲ್ಕು ಜನ ನನ್ನನ್ನು ಹಿಡಿದು ಹೊರಸಿನ ಮೇಲೆ ಕೆಡವಿದರು. ಯಾರೋ ಓಡಿ ಕಾಮಾಲೆಗೆ ಮದ್ದೆಂದು ನೆಲನೆಲ್ಲಿ ಕಿತ್ತು ತಂದರು. ಅರೆದ ರಸದ ಬಟ್ಟಲು ನನ್ನ ಬಾಯಿಗೆ ಬಂತು. ಕಹಿಯೆಂದರೆ ಕಹಿ! “ಇನ್ನೊಂದ ಬಟ್ಟಲ ಕುಡಸ್ರಿ, ಅಂಗಿ ಬಿಳಿ ಆಗೂಮಟ!” ಎಂದರು ಅತ್ತೆ.

ಆಗ ಮಧುಮತಿ ನನ್ನ ಮುಖದ ಮೇಲೆ ಬಾಗಿದಳು. ಹೆಬ್ಬೆರಳಿನಿಂದ ನನ್ನ ಕೆಳರೆಪ್ಪೆ ಎಳೆದು, ಒಂದೇ ಗೇಣು ದೂರದಿಂದ, ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಇಷ್ಟು ಹೊತ್ತು ಅವಳು ನನ್ನನ್ನು ಎಂದೂ ನೋಡಿರಲಿಲ್ಲ!

“ಏನ ಕಾಣತೈತಿ, ಮಧುಮತಿ?”

“ಪಿಸರು. ಕಣ್ಣ ತೊಳಕೊಂಡಿಲ್ಲೇನ್ರಿ?”

ಇನ್ನು ಮುಚ್ಚಿಟ್ಟು ಫಲವಿರಲಿಲ್ಲ. ಮೂರನೆಯ ಬಟ್ಟಲು ಬರುವುದರೊಳಗೆ ಎದ್ದು ಕುಳಿತು ವಾರಪತ್ರಿಕೆ, ನರ, ಅಂಗಿ ಎಲ್ಲವನ್ನೂ ಒದರಿಬಿಟ್ಟೆ. ಓಣಿಯವರು ಬಿದ್ದು ಬಿದ್ದು ನಗುತ್ತ ಚಪ್ಪಲಿ ಮೆಟ್ಟಿದರು. ಅತ್ತೆ ತಾವು ತಂದ ಬಾಳೆಹಣ್ಣಿನಲ್ಲಿ ಎರಡನ್ನು ತಾವೇ ಸುಲಿದುಕೊಂಡು ಪಡಸಾಲೆಗೆ ಹೋದರು.

ನಾವಿಬ್ಬರೇ ಉಳಿದೆವು. ಮಧುಮತಿ ನಗಲಿಲ್ಲ. ಅತ್ತು ಅತ್ತು ಅವಳ ಮೂಗು ಕೆಂಪಾಗಿತ್ತು.

“ಇಷ್ಟ ಯಾಕ ಮಾಡಿದ್ರಿ?”

“ಹದಿನೆಂಟ ವರ್ಷ ಆತು, ಮಧುಮತಿ. ನಾ ಹ್ಯಾಂಗ ಕಾಣತೀನಿ ಅಂತ ಒಂದ ಸಲಾನೂ ನೀ ಹೇಳಿಲ್ಲ. ಸೀರಿಗೆ ಹೇಳತಿ.”

ನನ್ನ ದನಿ ನಾನೆಣಿಸಿದ್ದಕ್ಕಿಂತ ಸಣ್ಣದಾಗಿ ಹೊರಟಿತು. ಅವಳು ಹೊರಸಿನ ಅಂಚಿಗೆ ಕುಳಿತಳು.

“ಕಣ್ಣ ಮುಚ್ಚರಿ.”

ಮುಚ್ಚಿದೆ. ಕೋಟೆ ಬೀಳುವ ಗಳಿಗೆ!

“ನಾ ಈಗ ಉಟ್ಟ ಸೀರಿ ಯಾವ ಬಣ್ಣದ್ದೈತಿ? ಹೇಳ್ರಿ.”

ನಾನು ಯೋಚಿಸಿದೆ. ಬೆಳಿಗ್ಗೆ ಚಹಾ ಕೊಟ್ಟವಳು ಇವಳೇ. ಈಗ ಗೇಣು ದೂರದಲ್ಲಿ ಬಾಗಿದ್ದವಳೂ ಇವಳೇ. ಬಟ್ಟಲಿನ ಬಣ್ಣ ನೆನಪಿತ್ತು, ಅತ್ತೆಯ ಬಾಳೆಹಣ್ಣಿನ ಬಣ್ಣ ನೆನಪಿತ್ತು.

“ನೀಲಿ?”

“ಅಲ್ಲರಿ.”

“ಹಸರು?”

“ಹಸರದು ಹ್ವಾದ ವರ್ಷದ್ರಿ,” ಎಂದಳು ಮೆಲ್ಲಗೆ. “ಇದನ್ನ ಮಾರಾಕ ಕೊಡಲಿಲ್ಲ. ನನಗಂತನ ನೇಯ್ಕೊಂಡೀನಿ. ನೀವು ಏನರ ಅಂತೀರಂತ, ಇವತ್ತಿಗೆ ಮೂರನೇ ಸಲ ಉಟ್ಟೀನಿ.”

ಪಡಸಾಲೆಯಲ್ಲಿ ಅತ್ತೆ ಬಾಳೆಹಣ್ಣು ಅಗಿಯುವ ಸದ್ದು ಕೂಡ ನಿಂತಿತು.

“ಕಣ್ಣ ತೆಗೀರಿ ಇನ್ನ. ನೋಡ್ರಿ.”

ಹೇಗೆ ತೆಗೆಯಲಿ? ಯಾವ ಮುಖವಿಟ್ಟುಕೊಂಡು ನೋಡಲಿ? ರೆಪ್ಪೆ ಇನ್ನಷ್ಟು ಬಿಗಿಹಿಡಿದು ಹೊರಸಿನ ಮೇಲೆ ಮೆತ್ತಗೆ ಹಿಂದಕ್ಕೆ ಒರಗಿದೆ.

“ಮಧುಮತಿ,” ಎಂದೆ, “ಆ ಮೂರನೇ ಬಟ್ಟಲ ಕೊಟ್ಟ ಬಿಡು. ನನಗ ಖರೇನ ಕಾಮಣಿ ಆಗೇತಿ!”