ಕಿರುಬೆರಳಿನಷ್ಟು ಬಜೆ

ನಾನು ಓದು ನಿಲ್ಲಿಸಿದ್ದು ಸಾವಿರದ ಒಂಬೈನೂರ ಎಂಬತ್ತೇಳರಲ್ಲಿ, ಎಂಟನೇ ಕ್ಲಾಸಿನ ಅರ್ಧದಲ್ಲಿ. ‘ನಿಲ್ಲಿಸಿದೆ’ ಅನ್ನುವುದು ನನ್ನ ಮಾತು. ಮೇಷ್ಟ್ರನ್ನು ಕೇಳಿದ್ದರೆ ಬೇರೆ ಏನಾದರೂ ಹೇಳುತ್ತಿದ್ದರೇನೋ. ಅಲ್ಲಿಂದ ನೇರ ಪೀಣ್ಯಕ್ಕೆ ಬಂದು ಕಬ್ಬಿಣ ಕಡೆಯುವ ಲೇತಿನ ಮುಂದೆ ನಿಂತವನು ಇವತ್ತಿನವರೆಗೂ ಯಾರ ಮುಂದೆಯೂ ‘ಇದು ಹೇಗೆ ಮಾಡೋದು’ ಎಂದು ಬಾಯಿಬಿಟ್ಟು ಕೇಳಿದವನಲ್ಲ. ಕೇಳುವುದು ಓದಿದವರ ಅಭ್ಯಾಸ. ಕ್ಲಾಸಿನಲ್ಲಿ ಕೈ ಎತ್ತಿ ಎತ್ತಿ ಅವರಿಗೆ ರೂಢಿಯಾಗಿರುತ್ತದೆ. ಅರ್ಧಕ್ಕೆ ಬಿಟ್ಟವನು ಕೈ ಎತ್ತಿದರೆ, ಓಹೋ ಇವನಿಗೆ ಗೊತ್ತಿಲ್ಲ ಎಂದು ಎಲ್ಲರಿಗೂ ಗೊತ್ತಾಗಿಬಿಡುತ್ತದಲ್ಲ! ಆದ್ದರಿಂದ ನಾನು ದೂರ ನಿಂತು ನೋಡಿ ಕಲಿತೆ, ಕೆಡಿಸಿ ಕಲಿತೆ, ಎಡಗೈ ಕಿರುಬೆರಳಿನ ಒಂದು ಗೆಣ್ಣು ಕೊಟ್ಟೂ ಕಲಿತೆ. ಇವತ್ತು ನನ್ನದೇ ಒಂದು ಶೆಡ್ ಇದೆ. ಕಬ್ಬಿಣದ ಸಲಾಕೆಯನ್ನು ಬೆರಳಲ್ಲಿ ಸವರಿ, ಎಲ್ಲಿ ಕೂದಲೆಳೆಯಷ್ಟು ದಪ್ಪ ಹೆಚ್ಚಾಗಿದೆ ಎಂದು ಹೇಳಬಲ್ಲೆ. ಇಂಥ ನನ್ನ ಮನೆಗೆ ಜಿರಲೆ ಬಂದದ್ದು ಈ ಜಂಬದ ದೆಸೆಯಿಂದಲೇ ಎಂದರೆ ನೀವು ನಂಬಬೇಕು.

ಮಗಳ ಹೆರಿಗೆ ತವರಿನಲ್ಲಿ ಆಗಬೇಕಾದದ್ದು ಪದ್ಧತಿ. ಆದರೆ ನಮ್ಮ ಮನೆ ಗೋಡೆಗೆ ಅಂಟಿಕೊಂಡಂತೆ ತಗಡು ಒತ್ತುವ ಒಂದು ಪವರ್ ಪ್ರೆಸ್ ಇದೆ. ಅದು ನಿಮಿಷಕ್ಕೆ ಮೂವತ್ತು ಸಲ ‘ಧಡ್’ ಎನ್ನುತ್ತದೆ. ನಮಗೆ ಅದು ಗಡಿಯಾರವಿದ್ದಂತೆ, ನಿಂತರೇ ಎಚ್ಚರವಾಗುವುದು. ಹಸುಗೂಸಿಗೆ ಹಾಗಲ್ಲವಲ್ಲ. ಅದಕ್ಕೇ ಈ ಸಲ ಪದ್ಧತಿಯನ್ನು ಬಸ್ಸು ಹತ್ತಿಸಿದೆವು. ಬಾಣಂತನಕ್ಕೆಂದು ನನ್ನ ಹೆಂಡತಿ ಸರ್ವಮಂಗಳಳೇ ದಾವಣಗೆರೆಗೆ, ಮಗಳ ಮನೆಗೆ ಹೊರಟಳು. ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿ, “ನೀವೊಬ್ರೇ ಇರ್ತೀರಾ ಅಲ್ವಾ?” ಎಂದಳು. ಮದುವೆಯಾದ ಇಪ್ಪತ್ತೆಂಟು ವರ್ಷದಲ್ಲಿ ವಾರಕ್ಕಿಂತ ಹೆಚ್ಚು ಒಬ್ಬರನ್ನೊಬ್ಬರು ಬಿಟ್ಟಿದ್ದವರಲ್ಲ. ಆಗ ಹೇಳಬೇಕಾದ ಮಾತು ಬೇರೆ ಇತ್ತು. ನಾನು ಹೇಳಿದ್ದು, “ನಾನೇನು ಕೂಸಾ? ಎಷ್ಟು ದಿನ ಬೇಕಾದ್ರೂ ಇದ್ದು ಬಾ. ನೀನಿದ್ದದ್ದಕ್ಕಿಂತ ಚೆನ್ನಾಗಿ ಇಟ್ಟಿರ್ತೀನಿ ಮನೇನ.” ಅವಳು “ಆಯ್ತು” ಎಂದು ಒಳಗೆ ಹೋದಳು. ಆ ‘ಆಯ್ತು’ ಇನ್ನೂ ನನ್ನ ಕಿವಿಯಲ್ಲಿ ಕೂತಿದೆ.

ಹೇಳಿದ ಮೇಲೆ ಮಾಡಿ ತೋರಿಸಬೇಕಲ್ಲ. ನಮ್ಮ ಕಡೆ ಸಣ್ಣ ಶೆಡ್ ನಡೆಸುವವರಿಗೆ ಫೈವ್ ಎಸ್ ಎಂಬುದೊಂದು ಗೊತ್ತು. ದೊಡ್ಡ ಕಂಪನಿಗೆ ಮಾಲು ಕೊಡಬೇಕಾದರೆ ಅವರ ಆಡಿಟರು ಬಂದು, ಶೆಡ್ ಎಷ್ಟು ಓರಣವಾಗಿದೆ ಎಂದು ನೋಡುತ್ತಾರೆ. ಮೊದಲನೆಯ ಪಾಠವೇ ಕೆಂಪು ಚೀಟಿ. ಇದು ಯಾತಕ್ಕೆ ಎಂದು ಹೇಳಲಾಗದ ವಸ್ತುವಿಗೆಲ್ಲ ಕೆಂಪು ಚೀಟಿ ಅಂಟಿಸಬೇಕು. ಮೂರು ದಿನದಲ್ಲಿ ಯಾರೂ ಕೇಳಿಕೊಂಡು ಬರದಿದ್ದರೆ ಗುಜರಿಗೆ. ಈ ವಿದ್ಯೆಯಲ್ಲಿ ನನಗೆ ಸರ್ಟಿಫಿಕೇಟು ಬಂದಿದೆ. ಕಟ್ಟು ಹಾಕಿಸಿ ಗೋಡೆಗೆ ತಗುಲಿಸಿದ್ದೇನೆ. ಸರಿ, ಅವಳು ಹೋದ ಮೊದಲ ಭಾನುವಾರವೇ ಕೆಂಪು ಚೀಟಿ ಹಿಡಿದು ಅಡುಗೆಮನೆಗೆ ನುಗ್ಗಿದೆ.

ಎಂಥೆಂಥ ವಸ್ತು ಸಿಕ್ಕವು ಅಂತೀರಿ! ಅಕ್ಕಿ ಡಬ್ಬದ ತಳದಲ್ಲಿ ಬಟ್ಟೆಯಲ್ಲಿ ಕಟ್ಟಿದ ಗಂಟುಗಂಟಾದ ಕಂದು ಬೇರು. ಬೇಳೆಯೊಳಗೆ ಒಣಗಿದ ಬೇವಿನೆಲೆ. ಸೀರೆ ಮಡಿಕೆಗಳ ನಡುವೆ ಲಕ್ಕಿ ಸೊಪ್ಪಿನ ಕಡ್ಡಿ. ಸಕ್ಕರೆಯಲ್ಲಿ ನಾಲ್ಕು ಲವಂಗ. ಪಾಪ, ಮರೆತು ಹಾಕಿರಬೇಕು ಅಂದುಕೊಂಡೆ. ಸಿಲಿಂಡರ್ ಹಿಂದೆ ಏನೋ ಪುಡಿ ತುಂಬಿದ ಚಿಂದಿಯ ಪೊಟ್ಟಣ. ಎಲ್ಲಕ್ಕೂ ಕೆಂಪು ಚೀಟಿ ಬಿತ್ತು. ಮೂರು ದಿನ ಕಾದೆ. ಯಾರೂ ಕೇಳಿಕೊಂಡು ಬರಲಿಲ್ಲ. ಕೇಳುವವಳು ದಾವಣಗೆರೆಯಲ್ಲಿದ್ದಳು. ಎರಡು ಚೀಲ ತುಂಬಿ ಕಸದ ಆಟೋಗೆ ಹಾಕಿ, ಡಬ್ಬಗಳನ್ನು ಉಜ್ಜಿ, ಒಂದೊಂದಕ್ಕೂ ಹೆಸರು ಬರೆದು ಅಂಟಿಸಿ, ಫೋಟೋ ತೆಗೆದು ಕಳಿಸಿದೆ. “ನಮ್ಮ ಡಬ್ಬ ನನಗೇ ಗುರ್ತು ಸಿಗ್ತಿಲ್ಲ ಕಣ್ರೀ” ಎಂದಳು. ಹೊಗಳಿಕೆ ಎಂದು ತೆಗೆದುಕೊಂಡೆ.

ಮೂರನೆಯ ವಾರಕ್ಕೆ ಅಕ್ಕಿ ತೊಳೆಯುವಾಗ ಮೇಲೆ ಕರ್ರಗೆ ತೇಲಿತು. ಜೀರಿಗೆ ಎಂದುಕೊಂಡೆ, ಜೀರಿಗೆ ಈಜತೊಡಗಿತು. ನುಸಿ! ಮರುದಿನ ಕಿಟಕಿಯಿಂದ ಸಕ್ಕರೆ ಡಬ್ಬದವರೆಗೆ ಇರುವೆ ಸಾಲು. ಏನು ಸಾಲು ಅದು, ನನ್ನ ಶೆಡ್ಡಿನ ನೆಲದಲ್ಲಿ ಎಳೆದ ಹಳದಿ ಗೆರೆಗಿಂತ ನೆಟ್ಟಗೆ! ಅವುಗಳಿಗೂ ಸರ್ಟಿಫಿಕೇಟು ಕೊಡಬಹುದಿತ್ತು. ಅದಾದ ಮೇಲೆ ಜಿರಲೆ. ಮೊದಲನೆಯದು ನಾನು ಅಂದವಾಗಿ ‘ತೊಗರಿಬೇಳೆ’ ಎಂದು ಬರೆದ ಚೀಟಿಯ ಮೇಲೆ ಕೂತು ಮೀಸೆ ಆಡಿಸುತ್ತಿತ್ತು, ಆಡಿಟರಿನ ಹಾಗೆ.

ಅಂಗಡಿಯಿಂದ ಸ್ಪ್ರೇ ತಂದು ಹೊಡೆದರೆ ಮುಗಿಯಿತಲ್ಲ ಎಂದು ನೀವು ಹೇಳಬಹುದು. ಒಂದು ಡಬ್ಬಿ ತಂದೆ ಕೂಡ. ಮುಚ್ಚಳ ತೆಗೆದವನಿಗೆ ಕೈ ಏಳಲಿಲ್ಲ. “ಅನ್ನ ಬೇಯಿಸೋ ಜಾಗದಲ್ಲಿ ವಿಷ ಇಡಬಾರ್ದು” ಎಂಬುದು ಅವಳು ಈ ಮನೆಗೆ ಬಂದ ದಿನದಿಂದ ಇಟ್ಟ ಕಾನೂನು. ಅವಳಿಲ್ಲದಾಗ ಮುರಿಯುವುದು, ಇದ್ದಾಗ ಮುರಿಯುವುದಕ್ಕಿಂತ ಕೆಟ್ಟದ್ದು ಅನಿಸಿತು. ಸೊಪ್ಪು ಸದೆಯಲ್ಲೇ ಏನೋ ಮಾಡುತ್ತಿದ್ದಳು ಎಂಬುದು ಅಷ್ಟು ಹೊತ್ತಿಗೆ ನನಗೂ ಹೊಳೆದಿತ್ತು. ಏನು ಮಾಡುತ್ತಿದ್ದಳು ಎಂಬುದು ಮಾತ್ರ ಗೊತ್ತಿರಲಿಲ್ಲ. ಇಪ್ಪತ್ತೆಂಟು ವರ್ಷ ಅದೇ ಅಡುಗೆಮನೆಯಲ್ಲಿ ಕೂತು ಊಟ ಮಾಡಿದ್ದೇನೆ. ದೂರ ನಿಂತು ನೋಡಿ ಕಲಿಯುವವನು ಅದೊಂದನ್ನು ನೋಡಿರಲಿಲ್ಲ.

ಹಾಗೆಂದು ಕೇಳುವುದುಂಟೇ! ನಾನೇ ಶುರು ಮಾಡಿದೆ. ಶೆಡ್ಡಿನ ಪಕ್ಕ ಟ್ರಾನ್ಸ್‌ಫಾರ್ಮರಿಗೆ ನೆರಳಾಗಿ ಒಂದು ಬೇವಿನ ಮರವಿದೆ. ಎಲೆ ಕಿತ್ತು, ತೊಳೆದು, ಹಸಿಹಸಿಯಾಗೇ ಅಕ್ಕಿಗೆ ಬೆರೆಸಿದೆ. ನಾಲ್ಕು ದಿನಕ್ಕೆ ಅಕ್ಕಿ ಬೂಷ್ಟು ಹಿಡಿಯಿತು. ನುಸಿ ಮಾತ್ರ ಒಣಗಿದ ಕಡೆಗೆ ಮನೆ ಬದಲಾಯಿಸಿತು. ಉಳಿದ ಎಲೆ ಕುದಿಸಿ ಕಷಾಯ ಮಾಡಿ, ಶೆಡ್ಡಿನಲ್ಲಿ ಲೇತಿಗೆ ಕೂಲಂಟ್ ಎಣ್ಣೆ ಚಿಮುಕಿಸುವ ಬಾಟಲಿಗೆ ತುಂಬಿ ಮೂಲೆಮೂಲೆಗೆ ಹೊಡೆದೆ. ಬಾಟಲಿ ತೊಳೆದಿದ್ದೆ ಎಂದೇ ನನ್ನ ನಂಬಿಕೆ. ಗೋಡೆ ಮೇಲೆ ಕೂಲಂಟ್ ಬೆರೆತ ಹಸಿರು ಹಾಲು ಇಳಿಯಿತು. ಅಡುಗೆಮನೆಯಲ್ಲಿ ನಿಂತರೆ ಈಗ ನೈಟ್ ಶಿಫ್ಟಿನ ವಾಸನೆ.

ನಮ್ಮ ಮನೆ ಒಡತಿ ರಾಮಕ್ಕ ಕೆಳಗಡೆ ಮನೆಯಲ್ಲಿದ್ದಾರೆ. ಪೀಣ್ಯ ಹಳ್ಳಿಯಾಗಿದ್ದಾಗ ಈಗ ಪವರ್ ಪ್ರೆಸ್ ಇರುವ ಜಾಗದಲ್ಲಿ ಅವರ ಅವರೆ ಹೊಲ ಇತ್ತಂತೆ. ಗೋಡೆಯ ಬಣ್ಣ ನೋಡಲು ಮೇಲೆ ಬಂದವರು ಸೊಂಟದ ಮೇಲೆ ಕೈಯಿಟ್ಟು ನಿಂತರು. “ಏನಣ್ಣ ಇದು, ಗ್ವಾಡೆಗೆ ಪಾಲಕ್ ಸಾರು ಬಳ್ದಿದ್ದೀಯಾ?”

“ಜಿರಲೆಗೆ ಔಷಧಿ, ರಾಮಕ್ಕ.”

“ಅಂಗಲ್ಲ ಮಾಡೋದು. ಪಲಾವ್ ಎಲೆ ಆಕಣ್ಣ, ಪಲಾವ್ ಎಲೆ! ಮಂಗಳಮ್ಮ ಅದ್ನೇ ಅಲ್ವಾ ಆಕ್ತಿದ್ದುದು? ನಿಂಗೊತ್ತಿಲ್ವಾ?”

“ಗೊತ್ತಿಲ್ದೆ ಏನು, ಗೊತ್ತು” ಎಂದೆ. ಇನ್ನೆರಡು ಮಾತು ಕೇಳಿದ್ದರೆ, ಅದನ್ನು ಹುರಿದು ಪುಡಿ ಮಾಡಿ ಸಂದಿಗೆ ತುಂಬಬೇಕು ಎಂದು ಅವರೇ ಹೇಳುತ್ತಿದ್ದರು. ನಾನು ಇಡೀ ಎಲೆಗಳನ್ನು ಸಾಲಾಗಿ, ಸಮ ಅಂತರದಲ್ಲಿ ಜೋಡಿಸಿದೆ. ಬೆಳಿಗ್ಗೆ ಎತ್ತಿ ನೋಡಿದರೆ ಜಿರಲೆಗಳು ಅವನ್ನು ಚಪ್ಪರ ಮಾಡಿಕೊಂಡು, ಸಂಸಾರ ಸಮೇತ ಕೆಳಗೆ ಮಲಗಿದ್ದವು. ಅವಕ್ಕೂ ಸಂಸಾರವಿತ್ತು, ನೋಡಿ. ಅವತ್ತು ನಾನು ತಿಂಡಿ ತಿನ್ನಲಿಲ್ಲ.

ಇಷ್ಟರ ನಡುವೆ ದಿನಾ ಸಂಜೆ ಫೋನು. “ಎಲ್ಲಾ ಸರಿಯಾಗಿದ್ಯಾ?” ಎನ್ನುತ್ತಾಳೆ. “ಫಸ್ಟ್ ಕ್ಲಾಸ್” ಎನ್ನುತ್ತೇನೆ. ಫೋನಿಟ್ಟ ಮೇಲೆ ಲೆಕ್ಕ ಹಾಕುತ್ತೇನೆ: ಸರಿಯಿಲ್ಲ ಎಂದರೆ ನಾಳೆಯೇ ಬಸ್ಸು ಹತ್ತುತ್ತಾಳೆ. ಫಸ್ಟ್ ಕ್ಲಾಸ್ ಎಂದರೆ ಅಲ್ಲೇ ಇರುತ್ತಾಳೆ. ಬರಲಿ ಎಂಬ ಆಸೆ ಹೊಟ್ಟೆಯೊಳಗೆ; ಬಾಯಿಗೆ ಬರುವುದು ಫಸ್ಟ್ ಕ್ಲಾಸ್. ಪ್ರೆಸ್ಸಿಗೆ ಭಾನುವಾರ ರಜೆ. ಆ ದಿನ ಮನೆ ಎಷ್ಟು ಸುಮ್ಮನಿರುತ್ತಿತ್ತೆಂದರೆ, ಜಿರಲೆ ನಡೆದದ್ದು ಕೇಳಿಸುತ್ತಿತ್ತು.

ಅಂಥ ಒಂದು ಭಾನುವಾರ ಮುದ್ದೆ ತಿನ್ನುವ ಆಸೆಯಾಗಿ, ಏಣಿ ತಂದು ಸಜ್ಜದ ಮೇಲಿನ ರಾಗಿಹಿಟ್ಟಿನ ಡ್ರಮ್ಮು ಇಳಿಸಿದೆ. ನನ್ನ ಕೆಂಪು ಚೀಟಿಯ ಕೈಗೆ ಎಟುಕದೆ ಉಳಿದದ್ದು ಅದೊಂದೇ. ಮುಚ್ಚಳ ತೆಗೆದದ್ದೇ ತಡ, ಅದರೊಳಗಿಂದ ನಮ್ಮ ಮನೆ ಹೊರಗೆ ಬಂತು. ಬೇರೆ ಹೇಗೆ ಹೇಳಲಿ? ಸ್ವಲ್ಪ ಖಾರ, ಸ್ವಲ್ಪ ಕಹಿ, ಒಣ ಬೇರಿನ ಒಂದು ಘಾಟು. ಸಂಜೆ ಕೆಲಸ ಮುಗಿಸಿ ಬಾಗಿಲು ತೆರೆದರೆ ಬರುತ್ತಿದ್ದ, ಅವಳ ಸೆರಗಿನಲ್ಲೂ ಇರುತ್ತಿದ್ದ ವಾಸನೆ. ಮನೆ ವಾಸನೆ ಎಂದರೆ ಮನೆಯದೇ ಎಂದುಕೊಂಡಿದ್ದೆ. ಎರಡು ಚೀಲದಲ್ಲಿ ಅದನ್ನು ಕಸದ ಆಟೋಗೆ ಹಾಕಿದ್ದೆನಲ್ಲ! ಹಿಟ್ಟಿನೊಳಗೆ ಕೈಯಾಡಿಸಿದೆ, ಒಂದು ತುಂಡು ಬೇರು ಸಿಕ್ಕಿತು. ಹಿಟ್ಟಿನಲ್ಲಿ ಒಂದು ಹುಳವೂ ಇರಲಿಲ್ಲ.

ಆ ಸಂಜೆ ಅವಳ ‘ಎಲ್ಲಾ ಸರಿಯಾಗಿದ್ಯಾ’ಗೆ ಮೊದಲೇ ನಾನು ಕೈ ಎತ್ತಿದೆ. “ಮಂಗಳಾ, ಅಕ್ಕೀಲಿ ಇರ್ತಿತ್ತಲ್ಲ ಒಂದು ಬೇರು, ಅದೇನದು?”

“ಬಜೆ. ಯಾಕೆ?”

“ಸುಮ್ನೆ.”

“ಎಸೆದ್ಬಿಟ್ರಾ?”

“...ಕೆಂಪು ಚೀಟಿ ಅಂಟಿಸಿದ್ದೆ.”

ನಕ್ಕಳು ನೋಡಿ, ಮಗು ಎದ್ದು ಅಳುವಷ್ಟು ನಕ್ಕಳು. ಆಮೇಲೆ ಪಾಠ ಶುರುವಾಯಿತು. ಬೇವಿನೆಲೆ ನೆರಳಲ್ಲಿ ಗರಿಗರಿಯಾಗಿ ಒಣಗಬೇಕು. ಅಕ್ಕಿಯನ್ನು ಮೊರದಲ್ಲಿ ಕೇರಿ ಹರಡಬೇಕು. ಇರುವೆ ಹೊರಡುವ ತೂತು ಹುಡುಕಿ ಅಲ್ಲಿ ಅರಿಶಿನ ತುಂಬಬೇಕು, ಸಕ್ಕರೆಗೆ ಲವಂಗ. ಪಲಾವ್ ಎಲೆಯ ಪುಡಿ ಪೊಟ್ಟಣ ಕಟ್ಟಿ ಸಿಲಿಂಡರ್ ಹಿಂದೆ. ಪುಡಿ ಘಾಟು ಕಳೆದುಕೊಂಡ ಹಾಗೆ ಬದಲಾಯಿಸುತ್ತಿರಬೇಕು, ಒಂದು ಸಲ ಇಟ್ಟು ಮರೆಯೋದಲ್ಲ. “ಬಜೆ ಡಬ್ಬಕ್ಕೆ ಒಂದೊಂದು ತುಂಡು ಸಾಕು.”

“ಎಷ್ಟುದ್ದ?”

“ಕಿರುಬೆರಳಷ್ಟು.”

“ಯಾರ ಕಿರುಬೆರಳು? ನನ್ನದು ಅರ್ಧ ಲೇತಿಗೆ ಹೋಗಿದೆ.”

“ಅಯ್ಯೋ ನಂದೇ ಕಣ್ರೀ, ಇನ್ಯಾರ್ದು!”

ಫೋನಿಟ್ಟೆ. ಕೂದಲೆಳೆಯಷ್ಟು ವ್ಯತ್ಯಾಸ ಹೇಳುವವನಿಗೆ ಅವಳ ಕಿರುಬೆರಳು ಎಷ್ಟುದ್ದ ಎಂದು ಗೊತ್ತಿರಲಿಲ್ಲ. ಕಣ್ಣು ಮುಚ್ಚಿ ನೋಡಿದೆ. ಬಳೆ ನೆನಪಾಯಿತು, ತಟ್ಟೆಗೆ ಸಾರು ಬಡಿಸುವ ಕೈ ನೆನಪಾಯಿತು, ಕಿರುಬೆರಳಿಗೆ ಅಳತೆ ಸಿಗಲಿಲ್ಲ. ಡ್ರಮ್ಮಿನಲ್ಲಿ ಸಿಕ್ಕ ತುಂಡು ಜೇಬಿನಲ್ಲಿತ್ತು. ಅದನ್ನು ಅವಳೇ, ಬೆರಳಿಗೆ ಹಿಡಿದು ಕತ್ತರಿಸಿದ್ದಲ್ಲವೇ? ಮರುದಿನ ಶೆಡ್ಡಿನಲ್ಲಿ ಯಾರೂ ನೋಡದಂತೆ ವರ್ನಿಯರಿಗೆ ಹಿಡಿದೆ. ಐವತ್ತೆರಡು ಮಿಲ್ಲಿಮೀಟರು. ಗ್ರಂಥಿಗೆ ಅಂಗಡಿಗೆ ಹೋಗಿ ಬಜೆ ಕೇಳಿದರೆ ಅಂಗಡಿಯವರು, “ಮಗೂಗಾ ಸಾರ್? ಕೈಗೆ ಕಟ್ಟೋಕೆ ಮಣಿ ಬೇಕಾ?” ಎಂದರು. “ಅದು ದಾವಣಗೆರೆಯಲ್ಲಿದೆ. ಇದು ನನ್ನ ಅಕ್ಕಿಗೆ” ಎಂದೆ. ಮೊಮ್ಮಗಳ ಕೈಯಲ್ಲೂ ಬಜೆ ಮಣಿ ಇರುವುದು ಫೋಟೋದಲ್ಲಿ ನೋಡಿದ್ದೆ. ಆ ಮನೆಗೂ ಈ ಮನೆಗೂ ಇನ್ನು ಒಂದೇ ವಾಸನೆ ಎಂದು ಯೋಚಿಸುತ್ತಾ ಬಸ್‌ಸ್ಟಾಪ್ ದಾಟಿ ಮುಂದೆ ಹೋಗಿಬಿಟ್ಟೆ.

ಹತ್ತು ತುಂಡು ಕತ್ತರಿಸಿದೆ, ಎಲ್ಲವೂ ಐವತ್ತೆರಡು. ತಿಂಗಳೊಳಗೆ ನುಸಿ ಹೋಯಿತು, ಇರುವೆ ದಾರಿ ಬಿಟ್ಟವು, ಜಿರಲೆ ಪವರ್ ಪ್ರೆಸ್ ಕಡೆಗೆ ವಲಸೆ ಹೋದವು. ಹೆಮ್ಮೆಯಿಂದ ಫೋನ್ ಮಾಡಿದೆ. “ಅಬ್ಬಾ, ಎಲ್ಲಾ ಕಲಿತ್ಕೊಂಡ್ರಲ್ಲ!” ಎಂದು ಹಿಗ್ಗಿದಳು. “ಹಂಗಾದ್ರೆ ಮಗು ಬೋರಲು ಬೀಳೋವರ್ಗೂ ಇದ್ದು ಬರ್ತೀನಿ. ಇನ್ನೊಂದೆರಡು ತಿಂಗ್ಳು. ನಿಮಗೇನೂ ತೊಂದ್ರೆ ಇಲ್ವಲ್ಲ?”

ಎಂಟನೇ ಕ್ಲಾಸಿನಿಂದ ಈಚೆಗೆ ಇಷ್ಟು ಶ್ರದ್ಧೆಯಿಂದ ಪಾಠ ಕಲಿತವನಲ್ಲ ನಾನು. ಕಲಿತ ಫಲ ಇದು! ಬಾಯಿಗೆ ‘ಫಸ್ಟ್ ಕ್ಲಾಸ್’ ಬಂದೇಬಿಟ್ಟಿತ್ತು, ನುಂಗಿದೆ. “ತೊಂದ್ರೆ ಅಂತಲ್ಲ. ಒಂದು ಡಬ್ಬದಲ್ಲಿ ಮಾತ್ರ ನುಸಿ ಹೋಗ್ತಾನೇ ಇಲ್ಲ ಮಂಗಳಾ. ಏನ್ ಮಾಡಿದ್ರೂ ಹೋಗ್ತಿಲ್ಲ.”

“ಬಜೆ ಹಾಕಿದೀರಾ?”

“ಹಾಕಿದೀನಿ. ನಿನ್ನ ಕಿರುಬೆರಳಷ್ಟೇ. ನೀನೇ ಬಂದು ನೋಡ್ಬೇಕು ಅದನ್ನ.”

ಆ ಕಡೆ ಮಗು ಲೊಚಗುಟ್ಟುವುದು ಕೇಳಿಸುತ್ತಿತ್ತು. ಆಮೇಲೆ ಮೆಲ್ಲಗೆ, “ಭಾನುವಾರ ಬರ್ತೀನಿ. ಆ ಡಬ್ಬ ಹಂಗೇ ಇಟ್ಟಿರಿ. ನಾನು ನೋಡ್ಬೇಕು, ಎಂಥಾ ನುಸಿ ಅಂತ” ಎಂದಳು. ಅವಳ ದನಿಯಲ್ಲಿ ನಗು ಇತ್ತೋ ಏನೋ, ನಾನು ಕೇಳಲಿಲ್ಲ.

ಕಷ್ಟ ಏನೆಂದರೆ, ನಮ್ಮ ಮನೆಯಲ್ಲಿ ಈಗ ಒಂದು ನುಸಿಯೂ ಇಲ್ಲ. ನಿನ್ನೆ ಒಂದು ಡಬ್ಬದಿಂದ ಬಜೆ ತೆಗೆದು ನೋಡಿದೆ. ಭಾನುವಾರದೊಳಗೆ ತಾವಾಗಿ ಬರುವ ಲಕ್ಷಣ ಕಾಣಲಿಲ್ಲ. ಇವತ್ತು ಬೆಳಿಗ್ಗೆ ಕೆಳಗಿಳಿದು ರಾಮಕ್ಕನ ಬಾಗಿಲಲ್ಲಿ ನಿಂತೆ. “ರಾಮಕ್ಕ, ಒಂದು ಪಾವು ನುಸಿ ಬಿದ್ದ ಅಕ್ಕಿ ಇದ್ರೆ ಕೊಡ್ತೀರಾ?”

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಮಂಗಳಮ್ಮ ಯಾವಾಗ ಬರಾದು?” ಎಂದರು. “ಭಾನುವಾರ” ಎಂದೆ. ಬೇರೇನೂ ಕೇಳದೆ ಒಳಗೆ ಹೋಗಿ ಪಾವು ತುಂಬಿ ತಂದು ಕೊಟ್ಟರು.

ಈಗ ನನ್ನಲ್ಲಿರುವುದು ಇಷ್ಟು: ಲೇತು ಎರಡು. ಸರ್ಟಿಫಿಕೇಟು ಒಂದು. ಬೆರಳು ಒಂಬತ್ತು ಮತ್ತು ಚಿಲ್ಲರೆ. ಹೆಸರು ಬರೆದ ಡಬ್ಬ ಹತ್ತು, ಒಂಬತ್ತರಲ್ಲಿ ಬಜೆ. ಹತ್ತನೆಯದರಲ್ಲಿ ನುಸಿ ಇಪ್ಪತ್ತಮೂರು. ಅವಳು ಕತ್ತರಿಸಿದ ಬೇರು ಒಂದು, ಜೇಬಿನಲ್ಲಿ. ಭಾನುವಾರಕ್ಕೆ ದಿನ ನಾಲ್ಕು.